ಹಾರಿ ಬಿದ್ದ ಬಣ್ಣ

ಮೋಟಾರು ಕಾರು ಹೊಸದಾಗಿ ಬಂದ ದಿನಗಳಲ್ಲಿ ಅದಕ್ಕೆ ಬಣ್ಣ ಹಚ್ಚುವ ಕೆಲಸ ತಿಂಗಳುಗಟ್ಟಲೆ ಎಳೆಯುವುದೂ ಉಂಟು. ಅದುವರೆಗೆ ಕುದುರೆ ಸಾರೋಟುಗಳಿಗೆ ಬಣ್ಣ ಬಳಿಯುತ್ತಿದ್ದ ಕುಶಲಕರ್ಮಿಗಳೇ ಕಾರಿಗೂ ಬಳಿಯುತ್ತಿದ್ದರು. ಅಗಸೆ ಎಣ್ಣೆಯನ್ನೂ ರಾಳವನ್ನೂ ಕೂಡಿಸಿ ಕಾಯಿಸಿದ ವಾರ್ನಿಷು, ಮೆತ್ತನೆಯ ಕೂದಲಿನ ಕುಂಚ, ಇವೇ ಅವರ ಸಲಕರಣೆ. ಒಂದು ಲೇಪ ಕೊಡುವುದು, ಅದು ಆರುವವರೆಗೆ ಕಾಯುವುದು, ಪ್ಯೂಮಿಸ್ ಕಲ್ಲಿನ ಪುಡಿಯಿಂದ ಉಜ್ಜಿ ನುಣುಪು ಮಾಡುವುದು, ಮತ್ತೆ ಇನ್ನೊಂದು ಲೇಪ ಕೊಡುವುದು. ಹೀಗೆ ಲೇಪದ ಮೇಲೆ ಲೇಪ ಮುಗಿಯುವಷ್ಟರಲ್ಲಿ ವಾರಗಳು ಉರುಳುತ್ತಿದ್ದವು. ಕೆಲಸ ನಿಧಾನವೆಂಬುದು ನಿಜ. ಆದರೆ ಅದರಲ್ಲಿ ಒಂದು ಗುಣವಿತ್ತು. ಕುಂಚ ಹೋದಲ್ಲಿಗೆ ಮಾತ್ರ ಬಣ್ಣ ಹೋಗುತ್ತಿತ್ತು.

ಇಂದಿನ ಸ್ಥಿತಿ ಹಾಗಲ್ಲ. ಮುಂಬಯಿಯಂಥ ಊರಿನಲ್ಲಿ ಕಟ್ಟಡದ ಗೇಟಿಗೋ ನೀರಿನ ಕೊಳವೆಗೋ ಯಂತ್ರದಿಂದ ಬಣ್ಣ ಹೊಡೆದರೆ, ಅದರ ಒಂದು ಪಾಲು ಗಾಳಿಯಲ್ಲಿ ತೇಲಿಕೊಂಡು ಹೋಗಿ ಕೆಳಗೆ ಸಾಲಾಗಿ ನಿಂತ ಕಾರುಗಳ ಮೇಲೆ ಇಳಿಯುತ್ತದೆ. ಕಣ್ಣಿಗೆ ಮೊದಲು ಧೂಳಿನಂತೆ ಕಾಣುತ್ತದೆ, ಒರಸಿದರೆ ಹೋಗುವುದಿಲ್ಲ, ಕೈಯಾಡಿಸಿದರೆ ಉಪ್ಪುಕಾಗದದ ಮೇಲೆ ಆಡಿಸಿದಂತೆ ತರಿತರಿಯಾಗುತ್ತದೆ. ಇಂಗ್ಲಿಷಿನವರು ಇದನ್ನು ಓವರ್‌ಸ್ಪ್ರೇ ಎನ್ನುತ್ತಾರೆ. ನಮ್ಮ ಅನುಕೂಲಕ್ಕಾಗಿ ಈ ಲೇಖನದಲ್ಲಿ 'ಹಾರುಬಣ್ಣ' ಎಂದು ಕರೆಯೋಣ.

ಇಷ್ಟು ಸಣ್ಣ ಪದಾರ್ಥಕ್ಕೂ ಒಂದು ಚರಿತ್ರೆಯೇ ಎಂದು ವಾಚಕರು ಕೇಳಬಹುದು. ಉಂಟು. ಕಾರಿಗೆ ಬಣ್ಣ ಬೇಗ ಹಚ್ಚಬೇಕೆಂಬ ಆತುರ ಹುಟ್ಟಿದಂದಿನಿಂದ ಹಾರುಬಣ್ಣವೂ ಹುಟ್ಟಿತು. ಅದನ್ನು ತಡೆಯುವುದು ಹೇಗೆ, ಬಿದ್ದ ಮೇಲೆ ತೆಗೆಯುವುದು ಹೇಗೆ ಎಂದು ಮನುಷ್ಯ ನೂರು ವರ್ಷಗಳಿಂದ ತಲೆ ಕೆಡಿಸಿಕೊಂಡಿದ್ದಾನೆ. ಆ ಕಥೆಯಲ್ಲಿ ಜಾಣತನ ಬಹಳ ಇದೆ. ಯಾರ ಕಣ್ಣಿಗೂ ಸುಲಭವಾಗಿ ಬೀಳದ ಒಂದು ನಷ್ಟವೂ ಇದೆ.

ಗಂಟಲಿನ ಔಷಧದಿಂದ ಬಣ್ಣದ ಬಂದೂಕಿಗೆ

ಅಮೆರಿಕದ ಒಹಾಯೋ ರಾಜ್ಯದ ಟೊಲೀಡೊ ಎಂಬ ಊರಿನಲ್ಲಿ ಅಲೆನ್ ಡಿವಿಲ್ಬಿಸ್ ಎಂಬ ವೈದ್ಯರಿದ್ದರು. ರೋಗಿಗಳ ಗಂಟಲಿನ ಒಳಭಾಗಕ್ಕೆ ಔಷಧ ಹಚ್ಚುವುದು ಅವರಿಗೆ ತೊಡಕಿನ ಕೆಲಸವಾಗಿತ್ತು. 1888ರಲ್ಲಿ ಅವರು ರಬ್ಬರಿನ ಬುರುಡೆಯನ್ನು ಒತ್ತಿದರೆ ಔಷಧ ಮಂಜಿನಂತೆ ಚಿಮ್ಮುವ ಒಂದು ಉಪಕರಣವನ್ನು ಮಾಡಿದರು. ಅವರ ಮಗ ಥಾಮಸ್ 1907ರಲ್ಲಿ ಅದೇ ತತ್ತ್ವವನ್ನು ಹಿಡಿದು ಬಣ್ಣ ಚಿಮ್ಮಿಸುವ ಸ್ಪ್ರೇ ಗನ್ ತಯಾರಿಸಿದರು. ಮೊದಲು ಅದು ಮರದ ಪೀಠೋಪಕರಣಗಳಿಗೆ, ಆಮೇಲೆ ಕಾರುಗಳಿಗೆ ಬಂತು.

ಇದಕ್ಕೂ ಮೊದಲು ಷಿಕಾಗೋದಲ್ಲಿ ಇನ್ನೊಂದು ಪ್ರಯತ್ನ ನಡೆದಿತ್ತು. ಮಾರ್ಷಲ್ ಫೀಲ್ಡ್ ಎಂಬ ದೊಡ್ಡ ಅಂಗಡಿಯ ನೆಲಮಾಳಿಗೆಯ ಗೋಡೆಗಳಿಗೆ ಸುಣ್ಣ ಬಳಿಸುವ ಹೊಣೆ ಹೊತ್ತಿದ್ದ ಜೋಸೆಫ್ ಬಿಂಕ್ಸ್ ಎಂಬವರು, ಕುಂಚ ಹಿಡಿದರೆ ಈ ಕೆಲಸ ಮುಗಿಯದೆಂದು ಕೈಪಂಪಿನಿಂದ ಸುಣ್ಣವನ್ನು ಎರಚುವ ಯಂತ್ರವನ್ನು ಮಾಡಿದರು. 1893ರಲ್ಲಿ ಅದೇ ಊರಿನಲ್ಲಿ ಭಾರೀ ವಿಶ್ವ ಪ್ರದರ್ಶನ ನಡೆದಾಗ, ಅಲ್ಲಿನ ಬೃಹತ್ ಕಟ್ಟಡಗಳಿಗೆ ಬಿಳಿ ಬಣ್ಣ ಕೊಡಲು ಇಂಥ ಎರಚುವ ಯಂತ್ರಗಳೇ ನೆರವಾದವು. ಜನ ಅದನ್ನು 'ಬಿಳಿಯ ನಗರ' ಎಂದು ಕರೆದರು. ಆ ಪ್ರದರ್ಶನದ ಅಂಗವಾಗಿಯೇ ಅಲ್ಲಿ ಸರ್ವಧರ್ಮ ಸಮ್ಮೇಳನ ಸೇರಿದ್ದು. ಹಿಂದಿನ ವರ್ಷವಷ್ಟೇ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು ಮಾತನಾಡಿದ್ದೂ ಅಲ್ಲಿಯೇ. ಅವರ ಭಾಷಣ ನಮಗೆಲ್ಲ ನೆನಪಿದೆ. ಅದೇ ಊರಿನ ಗೋಡೆಗಳಿಗೆ ಸುಣ್ಣ ಎರಚಿದ ಯಂತ್ರವನ್ನು ಯಾರು ನೆನೆಯುತ್ತಾರೆ?

ಸ್ಪ್ರೇ ಗನ್ನಿನ ಒಳಗುಟ್ಟು ಸರಳವಾದದ್ದು. ಗಾಳಿ ಬಹಳ ವೇಗವಾಗಿ ಹರಿಯುವ ಕಡೆ ಅದರ ಒತ್ತಡ ಕಡಿಮೆಯಾಗುತ್ತದೆಂದು ನಾವು ಬಿ.ಎಸ್ಸಿ. ತರಗತಿಯಲ್ಲಿ ಬರ್ನೂಲಿಯ ಹೆಸರಿನಲ್ಲಿ ಓದಿದ್ದೇವೆ. ಬಣ್ಣದ ನಳಿಕೆಯ ಬಾಯಿಯಲ್ಲಿ ಗಾಳಿ ರಭಸದಿಂದ ಹರಿದಾಗ ಬಣ್ಣ ತಾನಾಗಿ ಮೇಲಕ್ಕೆ ಎಳೆದುಕೊಂಡು ಬರುತ್ತದೆ, ಗಾಳಿಯ ಹೊಡೆತಕ್ಕೆ ಸಿಕ್ಕಿ ನುಚ್ಚುನೂರಾಗಿ ಹನಿಹನಿಯಾಗುತ್ತದೆ. ಹನಿ ಸಣ್ಣದಾದಷ್ಟೂ ಲೇಪ ನುಣುಪು. ಆದರೆ ಹನಿ ಸಣ್ಣದಾದಷ್ಟೂ ಅದು ಗಾಳಿಯ ಮಾತನ್ನೇ ಕೇಳುತ್ತದೆ. ತಗಡಿಗೆ ಬಡಿದ ಗಾಳಿ ಪಕ್ಕಕ್ಕೆ ತಿರುಗಿದಾಗ ಸಣ್ಣ ಹನಿಯೂ ಅದರ ಜೊತೆ ತಿರುಗಿ ಹೊರಟುಹೋಗುತ್ತದೆ. ಹಳೆಯ ಪದ್ಧತಿಯ, ಹೆಚ್ಚು ಒತ್ತಡದ ಸ್ಪ್ರೇ ಗನ್ನಿನಲ್ಲಿ ವಸ್ತುವಿನ ಮೇಲೆ ನಿಲ್ಲುವ ಬಣ್ಣ ಶೇಕಡಾ 25ರಿಂದ 40 ಮಾತ್ರ. ಉಳಿದದ್ದು ಹಾರುಬಣ್ಣ. ಒಂದು ಡಬ್ಬಿ ಬಣ್ಣ ಕೊಂಡರೆ ಅರ್ಧಕ್ಕಿಂತ ಹೆಚ್ಚು ಗಾಳಿಯ ಪಾಲು!

ಅರಗಿನ ಮನೆತನ

ಗನ್ ಬಂದ ಮಾತ್ರಕ್ಕೆ ಸಮಸ್ಯೆ ಬಗೆಹರಿಯಲಿಲ್ಲ. ಹಚ್ಚುವುದು ಬೇಗವಾಯಿತು; ಆದರೆ ಎಣ್ಣೆಯ ವಾರ್ನಿಷು ಆರಬೇಕಲ್ಲ? ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದ ಮೇಲೆ ಕಾರುಗಳು ನಿಮಿಷಗಳ ಲೆಕ್ಕದಲ್ಲಿ ಹೊರಬರತೊಡಗಿದವು. ಬಣ್ಣ ಆರಲೆಂದು ವಾರಗಟ್ಟಲೆ ನಿಲ್ಲಿಸಲು ಯಾವ ಕೊಟ್ಟಿಗೆಯೂ ಸಾಲದು. ಫೋರ್ಡರು ಕಂಡುಕೊಂಡ ಹಾದಿ, ಡಾಂಬರಿನ ಜಾತಿಯ ಕಪ್ಪು ಬಣ್ಣವನ್ನು ಕೊಟ್ಟು ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುವುದು. ಅವರ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ದೊರೆಯುತ್ತಿದ್ದುದು ಈ ಹಿನ್ನೆಲೆಯಲ್ಲಿ.

ಬಣ್ಣಬಣ್ಣದ ಕಾರನ್ನು ಬೇಗ ಒಣಗಿಸುವ ವಿದ್ಯೆ ಬಂದದ್ದು ಬೇರೆ ದಿಕ್ಕಿನಿಂದ. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದರೆ ನೈಟ್ರೋಸೆಲ್ಯುಲೋಸ್ ಎಂಬ ವಸ್ತುವಾಗುತ್ತದೆ. ಹೊಗೆಯಿಲ್ಲದ ಮದ್ದುಗುಂಡಿಗೆ ಅದೇ ಬೇಕು, ಹಳೆಯ ಸಿನಿಮಾ ರೀಲಿಗೂ ಅದೇ ಬೇಕು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಡುಪಾಂಟ್ ಸಂಸ್ಥೆಯ ರಸಾಯನ ವಿಜ್ಞಾನಿಗಳು ಈ ವಸ್ತುವನ್ನು ತೆಳ್ಳಗೆ, ಸುಲಭವಾಗಿ ಹರಿಯುವಂತೆ ಮಾಡುವ ಉಪಾಯ ಕಂಡುಕೊಂಡರು. ಅದರಿಂದ ತಯಾರಾದ ಬಣ್ಣವೇ 'ಡ್ಯೂಕೋ'. 1923ರಲ್ಲಿ ಜನರಲ್ ಮೋಟಾರ್ಸ್ ತನ್ನ ಓಕ್‌ಲ್ಯಾಂಡ್ ಕಾರುಗಳಿಗೆ ಇದನ್ನು ನೀಲಿ ಬಣ್ಣದಲ್ಲಿ ಹೊಡೆಸಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಅಷ್ಟು ಬೇಗ ಆರುವ ಬಣ್ಣಕ್ಕೆ ಕುಂಚ ಒಗ್ಗದು, ಎಳೆಯುವಷ್ಟರಲ್ಲಿ ಗಟ್ಟಿಯಾಗುತ್ತದೆ. ಹೀಗೆ ಡ್ಯೂಕೋ ಮತ್ತು ಸ್ಪ್ರೇ ಗನ್ ಒಂದಕ್ಕೊಂದು ಕೈಹಿಡಿದು ಕಾರ್ಖಾನೆ ಹೊಕ್ಕವು. ನಮ್ಮ ದೇಶದಲ್ಲಿ ಇಂದಿಗೂ ಕಾರಿಗೋ ಕಪಾಟಿಗೋ ಗನ್ನಿನಿಂದ ಬಣ್ಣ ಹೊಡೆಸುವುದಕ್ಕೆ 'ಡ್ಯೂಕೋ ಮಾಡಿಸುವುದು' ಎಂದು ಹೇಳುವವರಿದ್ದಾರೆ.

ಈ ಜಾತಿಯ ಬಣ್ಣಕ್ಕೆ 'ಲ್ಯಾಕರ್' ಎಂದು ಹೆಸರು. ಶಬ್ದದ ಬೇರು ಹುಡುಕುತ್ತಾ ಹೋದರೆ ನಮ್ಮ ಮನೆಗೇ ಬರುತ್ತೇವೆ. ಸಂಸ್ಕೃತದ ಲಾಕ್ಷಾ, ಹಿಂದಿಯ ಲಾಖ್, ಕನ್ನಡದ ಅರಗು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದು, ಸರ್ಕಾರಿ ಲಕೋಟೆಗೆ ಮೊಹರು ಒತ್ತುವುದು, ಎರಡೂ ಅರಗಿನಿಂದಲೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಮಾಡಿಕೊಡುತ್ತಿರುವುದೂ ಅದೇ ಕಾರ್ಖಾನೆ. ಚುನಾವಣೆ ಡ್ಯೂಟಿಗೆ ಹೋಗಿಬಂದ ನಮ್ಮಂಥ ಸರ್ಕಾರಿ ಗುಮಾಸ್ತರಿಗೆ ಆ ಶಾಯಿಯ ಹಟಮಾರಿತನ ಚೆನ್ನಾಗಿ ಗೊತ್ತು. ಅಮೆರಿಕದ ಡ್ಯೂಕೋದಲ್ಲಿ ಅರಗು ಇರಲಿಲ್ಲ, ಹೆಸರು ಮಾತ್ರ ಉಳಿಯಿತು. ಆದರೆ ಮಹಾಭಾರತದ ಅರಗಿನ ಮನೆಯ ಗುಣವನ್ನು ಅದು ಬಿಡಲಿಲ್ಲ: ಕಿಡಿ ಸೋಕಿದರೆ ಭಗ್ಗನೆ ಉರಿಯುವ ವಸ್ತು ಅದು. ಬಣ್ಣದ ಕೊಠಡಿಯಲ್ಲಿ ಬೀಡಿ ಹಚ್ಚಬಾರದೆಂಬ ನಿಯಮ ಬಂದದ್ದು ಸುಮ್ಮನೆ ಅಲ್ಲ.

ತಡೆಯುವ ಉಪಾಯ

1920ರ ದಶಕದ ಅಮೆರಿಕದಲ್ಲಿ ಎರಡು ಬಣ್ಣದ ಕಾರು ಫ್ಯಾಷನ್ ಆಯಿತು. ಮೇಲೆ ಒಂದು ಬಣ್ಣ, ಕೆಳಗೆ ಇನ್ನೊಂದು. ನಡುವೆ ಕೂದಲೆಳೆಯಷ್ಟು ನೇರವಾದ ಗೆರೆ. ಒಂದು ಬಣ್ಣ ಹೊಡೆಯುವಾಗ ಇನ್ನೊಂದರ ಮೇಲೆ ಹಾರಬಾರದು. ಬಣ್ಣಗಾರರು ಹಳೆಯ ಪತ್ರಿಕೆಗಳನ್ನು ಅಂಟು ಹಚ್ಚಿ, ಇಲ್ಲವೆ ಆಸ್ಪತ್ರೆಯ ಪಟ್ಟಿಯಿಂದ ಬಿಗಿದು ಮರೆ ಮಾಡುತ್ತಿದ್ದರು. ಕೆಲಸ ಮುಗಿದು ಕಿತ್ತಾಗ ಕಾಗದದ ಜೊತೆ ಕೆಳಗಿನ ಹೊಸ ಬಣ್ಣವೂ ಕಿತ್ತು ಬರುತ್ತಿತ್ತು. ಬಣ್ಣಗಾರರ ಬಾಯಲ್ಲಿ ಬೈಗುಳವೂ ಬರುತ್ತಿತ್ತು.

ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ಅಂಥ ಒಂದು ಗ್ಯಾರೇಜಿಗೆ ಉಪ್ಪುಕಾಗದದ ಮಾದರಿಗಳನ್ನು ತಲುಪಿಸಲು ಹೋಗಿದ್ದ ರಿಚರ್ಡ್ ಡ್ರೂ ಎಂಬ ಯುವಕ ಈ ಬೈಗುಳವನ್ನು ಕೇಳಿಸಿಕೊಂಡ. ಆತ ಎಂಜಿನಿಯರಿಂಗ್ ಓದನ್ನು ಅರ್ಧಕ್ಕೆ ಬಿಟ್ಟವ, ನೃತ್ಯಕೂಟಗಳಲ್ಲಿ ಬ್ಯಾಂಜೋ ನುಡಿಸುತ್ತಿದ್ದವ. ಅವನು ಕೆಲಸಕ್ಕಿದ್ದ ಸಂಸ್ಥೆ ಆಗ ಉಪ್ಪುಕಾಗದಕ್ಕೆ ಹೆಸರಾಗಿದ್ದ, ಇಂದು ತ್ರೀ-ಎಂ ಎಂದು ಜಗತ್ತಿಗೆ ಪರಿಚಿತವಾದ ಕಂಪನಿ. ಉಪ್ಪುಕಾಗದ ಮಾಡುವವರಿಗೆ ಕಾಗದವೂ ಗೊತ್ತು, ಅಂಟೂ ಗೊತ್ತು. ಹಿಡಿದುಕೊಳ್ಳಬೇಕು, ಆದರೆ ಕಿತ್ತಾಗ ಗುರುತು ಉಳಿಯಬಾರದು. ಅಂಥ ಅಂಟನ್ನು ಹುಡುಕುವುದರಲ್ಲಿ ಡ್ರೂ ವರ್ಷಗಳನ್ನು ಕಳೆದ. ಕೊನೆಗೆ ಬಡಗಿಗಳು ಬಳಸುವ ಗೋಂದಿಗೆ ಗ್ಲಿಸರಿನ್ ಬೆರೆಸಿ, ನೆರಿಗೆಯುಳ್ಳ ಕ್ರೇಪ್ ಕಾಗದಕ್ಕೆ ಹಚ್ಚಿ 1925ರಲ್ಲಿ ಮಾಸ್ಕಿಂಗ್ ಟೇಪನ್ನು ಹೊರತಂದ. ಮೊದಲ ಮಾದರಿಯಲ್ಲಿ ಅಂಟು ಎರಡೂ ಅಂಚಿಗೆ ಮಾತ್ರ ಇದ್ದುದರಿಂದ ಟೇಪು ಜಾರಿ ಬಿತ್ತಂತೆ. ಸಿಟ್ಟಾದ ಬಣ್ಣಗಾರನು, ಇದನ್ನು ನಿಮ್ಮ ಜಿಪುಣ 'ಸ್ಕಾಚ್' ಯಜಮಾನರಿಗೇ ವಾಪಸು ಕೊಟ್ಟು ಇನ್ನಷ್ಟು ಅಂಟು ಹಚ್ಚಲು ಹೇಳೆಂದು ಕಳಿಸಿದನಂತೆ. ಸ್ಕಾಚ್ ಟೇಪಿನ ಹೆಸರು ಹೀಗೆ ಬಂತೆಂದು ಹೇಳುತ್ತಾರೆ. ನಮ್ಮ ಮಕ್ಕಳು ಪುಸ್ತಕಕ್ಕೆ ಹೊದಿಕೆ ಹಾಕಲು ಬಳಸುವ ಪಾರದರ್ಶಕ ಟೇಪನ್ನು 1930ರಲ್ಲಿ ತಂದವನೂ ಅದೇ ಡ್ರೂ.

ನೂರು ವರ್ಷ ಕಳೆದರೂ ಆ ಉಪಾಯ ಹಳತಾಗಿಲ್ಲ. ಯಾವುದೇ ಬೀದಿಬದಿಯ ಡೆಂಟಿಂಗ್-ಪೇಂಟಿಂಗ್ ಗ್ಯಾರೇಜಿಗೆ ಹೋಗಿ ನೋಡಿ: ಕಾರಿನ ಗಾಜು, ದೀಪ, ಗಾಲಿಗಳಿಗೆಲ್ಲ ಮರಾಠಿ, ಗುಜರಾತಿ ಪತ್ರಿಕೆಗಳನ್ನು ಹೊದಿಸಿ ಅಂಚಿಗೆ ಟೇಪು ಒತ್ತಿರುತ್ತಾರೆ.

ಒರಸಿದರೆ ಹೋಗುವ ಬಣ್ಣ, ಹೋಗದ ಬಣ್ಣ

ಡ್ಯೂಕೋ ಕಾಲದ ಹಾರುಬಣ್ಣ ಅಷ್ಟೇನೂ ಹಟಮಾರಿಯಾಗಿರಲಿಲ್ಲ. ಅದು ಆರುವ ವೇಗ ಎಷ್ಟೆಂದರೆ, ಗಾಳಿಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹನಿ ಒಣಗಿ ಪುಡಿಯಾಗುತ್ತಿತ್ತು. ಅದು ಬಿದ್ದರೂ ಧೂಳಿನಂತೆ ಕೂರುತ್ತಿತ್ತು. ಅಲ್ಲದೆ ಆ ಬಣ್ಣಕ್ಕೆ ಹೇಗಿದ್ದರೂ ಕೊನೆಯಲ್ಲಿ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ ಹೊಳಪು ತರಿಸಬೇಕಿತ್ತು. ಉಜ್ಜುವಾಗ ಹಾರುಬಣ್ಣವೂ ಹೋಗುತ್ತಿತ್ತು. ಲೇಪ ದಪ್ಪವಾಗಿರುತ್ತಿದ್ದುದರಿಂದ ಉಜ್ಜಿದರೆ ಹೆದರಿಕೆಯೂ ಇರಲಿಲ್ಲ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪದ್ಮಿನಿ ಕಾರುಗಳನ್ನೂ 2014ರವರೆಗೆ ಉತ್ತರಪಾಡಾದಿಂದ ಬರುತ್ತಿದ್ದ ಅಂಬಾಸಿಡರುಗಳನ್ನೂ ಸಾಕಿದ ಹಿರಿಯರಿಗೆ ಕಾಂಪೌಂಡ್ ಡಬ್ಬಿ, ಬನಿಯನ್ ಬಟ್ಟೆ, ಭಾನುವಾರದ ಬೆಳಗು ಇವು ಮೂರೂ ನೆನಪಿರಬಹುದು.

ಆಮೇಲೆ ಬಂದ ಬಣ್ಣಗಳ ಸ್ವಭಾವ ಬೇರೆ. 1930ರ ದಶಕದಿಂದ ಬಳಕೆಗೆ ಬಂದ ಆಲ್ಕಿಡ್ ಎನಾಮೆಲ್ ನಿಧಾನವಾಗಿ ಆರುತ್ತದೆ. ಹನಿ ಹಸಿಯಾಗಿಯೇ ಬಂದು ಕೂತು, ಕೂತಲ್ಲೇ ಗಟ್ಟಿಯಾಗುತ್ತದೆ. ಗೇಟು, ಕಿಟಕಿಯ ಸರಳುಗಳಿಗೆ ಹೊಡೆಯುವ ಬಣ್ಣ ಸಾಮಾನ್ಯವಾಗಿ ಇದೇ ಜಾತಿಯದು. 1937ರಲ್ಲಿ ಜರ್ಮನಿಯ ಒಟ್ಟೋ ಬೇಯರ್ ಪಾಲಿಯುರಿಥೇನ್ ರಸಾಯನವನ್ನು ಕಂಡುಹಿಡಿದರು. ಅದರಿಂದ ಮುಂದೆ ಎರಡು ಡಬ್ಬಿಯ ಬಣ್ಣಗಳು ಹುಟ್ಟಿದವು. ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಗಟ್ಟಿ ಮಾಡುವ ದ್ರವ. ಬೆರೆಸಿದೊಡನೆ ಎರಡರ ಅಣುಗಳೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಪೂರ್ತಿ ಗಟ್ಟಿಯಾದ ಮೇಲೆ ಥಿನ್ನರಿಗೂ ಅದು ಸುಲಭವಾಗಿ ಕರಗುವುದಿಲ್ಲ.

ಇತ್ತ ಕಾರಿನ ಮೈಯೂ ಬದಲಾಯಿತು. 1980ರ ದಶಕದಿಂದ ಬಣ್ಣದ ತೆಳು ಪದರದ ಮೇಲೆ ಗಾಜಿನಂಥ ಬಣ್ಣವಿಲ್ಲದ ಇನ್ನೊಂದು ಪದರವನ್ನು, ಅಂದರೆ ಕ್ಲಿಯರ್ ಕೋಟನ್ನು ಕೊಡುವ ಪದ್ಧತಿ ವ್ಯಾಪಕವಾಯಿತು. ಕಾರಿನ ಹೊಳಪೆಲ್ಲ ಅದರಲ್ಲೇ ಇರುವುದು. ಅದರ ದಪ್ಪ ಸುಮಾರು 35ರಿಂದ 50 ಮೈಕ್ರಾನ್. ನಾವು ಕಚೇರಿಯಲ್ಲಿ ಟಿಪ್ಪಣಿ ಬರೆಯುವ ಕಾಗದದ ದಪ್ಪ ಸುಮಾರು 100 ಮೈಕ್ರಾನ್. ಎಂದರೆ ಕಾಗದದ ಅರ್ಧ ದಪ್ಪದ ಪದರ ಬಿಸಿಲು, ಮಳೆ, ಸಮುದ್ರದ ಉಪ್ಪುಗಾಳಿಗಳಿಂದ ಕಾರನ್ನು ಕಾಯುತ್ತಿದೆ. ಅದರ ಮೇಲೆ ಹಳೆಯ ಕಾಲದ ಧೈರ್ಯದಿಂದ ಕಾಂಪೌಂಡ್ ಹಾಕಿ ತಿಕ್ಕಿದರೆ ಹಾರುಬಣ್ಣ ಹೋಗುತ್ತದೆ, ಕ್ಲಿಯರ್ ಕೋಟೂ ಸವೆಯುತ್ತದೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಬಾಗುವ ಸಾಣೆಕಲ್ಲು

ಉಬ್ಬಿನಿಂತ ಹನಿಯನ್ನು ಮಾತ್ರ ತೆಗೆಯಬೇಕು, ಕೆಳಗಿನ ನೆಲವನ್ನು ಮುಟ್ಟಬಾರದು: ಇದು ಹೊಸ ಸಮಸ್ಯೆ. ಇದಕ್ಕೆ ಉತ್ತರ ಕೊಟ್ಟವರು ಜಪಾನಿನ ತಾದಾವೊ ಕೊದಾತೆ. 1995ರಲ್ಲಿ ಅವರಿಗೆ ದೊರೆತ ಅಮೆರಿಕದ ಪೇಟೆಂಟಿನ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಮೆತುವಾದ, ಬಾಗುವ ಸಾಣೆಕಲ್ಲು'. ಅಂಗಡಿಯಲ್ಲಿ ಇದನ್ನು ಕ್ಲೇ ಬಾರ್ ಎನ್ನುತ್ತಾರೆ. ನೋಡಲು ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಜೇಡಿಮಣ್ಣಿನ ಮುದ್ದೆಯೇ. ವಾಸ್ತವವಾಗಿ ಅದು ಮಣ್ಣಲ್ಲ. ಪಾಲಿಬ್ಯೂಟೀನ್ ಎಂಬ ಮೆತ್ತನೆಯ ಕೃತಕ ಪದಾರ್ಥದಲ್ಲಿ ಬಹಳ ನುಣುಪಾದ ಸಾಣೆಪುಡಿಯನ್ನು ನಾದಿ ಸೇರಿಸಿದ್ದು.

ಇದರ ಕೆಲಸದ ರೀತಿ ಸೊಗಸಾದದ್ದು. ಕಾರಿನ ಮೈಗೆ ಜಾರುವ ದ್ರವವನ್ನು ಚಿಮುಕಿಸಿ ಮುದ್ದೆಯನ್ನು ಹಗುರವಾಗಿ ಆಡಿಸಿದರೆ, ಸಮತಟ್ಟಾದ ಕಡೆ ಅದು ದ್ರವದ ತೆಳು ಪೊರೆಯ ಮೇಲೆ ತೇಲುತ್ತದೆ. ತಲೆಯೆತ್ತಿ ನಿಂತ ಬಣ್ಣದ ಕಣ ಮಾತ್ರ ಪೊರೆಯಿಂದ ಹೊರಗಿರುತ್ತದೆ. ಮುದ್ದೆ ಅದಕ್ಕೆ ತಾಗಿ, ಕೊಯ್ದು, ತನ್ನೊಳಗೆ ಎಳೆದುಕೊಳ್ಳುತ್ತದೆ.

ಓದುಗರಿಗೆ ಉಪಯೋಗವಾಗಲೆಂದು ಕ್ರಮವನ್ನು ಇಲ್ಲಿ ಹೇಳುತ್ತೇವೆ. ಬಣ್ಣ ಬಿದ್ದ ದಿನವೇ ಗಮನಿಸಿದರೆ ಅರ್ಧ ಕೆಲಸ ಹಗುರ. ನೀರಿನ ಜಾತಿಯ ಗೋಡೆಯ ಬಣ್ಣವಾದರೆ, ಆರುವುದಕ್ಕೆ ಮುಂಚೆ ಬೇಕಾದಷ್ಟು ನೀರು ಹಾಕಿ ತೊಳೆದರೆ ಸಾಕು. ಎಣ್ಣೆಯ ಬಣ್ಣವಾದರೆ, ಮೊದಲು ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಮೈ ತಣ್ಣಗಾದ ಮೇಲೆ ಕಾರಿನ ಶಾಂಪೂ ಹಾಕಿ ಚೆನ್ನಾಗಿ ತೊಳೆಯಬೇಕು. ಮರಳಿನ ಕಣ ಉಳಿದರೆ ಮುಂದಿನ ಕೆಲಸವೆಲ್ಲ ಗೀರಾಗುತ್ತದೆ. ಬೆರಳಿಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮೈದಡವಿದರೆ ಕಣ್ಣಿಗೆ ಕಾಣದ ತರಿಯೂ ತಿಳಿಯುತ್ತದೆ. ಬಣ್ಣದ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನನ್ನು ಮೆತ್ತನೆಯ ಬಟ್ಟೆಗೆ ತುಸು ಹಾಕಿ, ಬಾಗಿಲಿನ ಕೆಳಭಾಗದಂಥ ಮರೆಯಾದ ಜಾಗದಲ್ಲಿ ಒರಸಿ ನೋಡಬಹುದು. ಕಾರಿನ ಬಣ್ಣ ಬಟ್ಟೆಗೆ ಬರದಿದ್ದರೆ ಹಾರುಬಣ್ಣದ ಮೇಲೆ ಪ್ರಯೋಗಿಸಬಹುದು. ಹೊಸ ಎನಾಮೆಲ್ ಇದಕ್ಕೇ ಬಿಡುವುದುಂಟು. ಕೂಡಲೇ ಆ ಜಾಗವನ್ನು ತೊಳೆಯಬೇಕು.

ಉಳಿದುದಕ್ಕೆ ಕ್ಲೇ. ಒಂದು ಸಲಕ್ಕೆ ಎರಡು ಗೇಣಿನಷ್ಟು ಜಾಗ ಸಾಕು. ದ್ರವ ಧಾರಾಳವಾಗಿರಬೇಕು, ಒತ್ತಡ ಕಡಿಮೆ ಇರಬೇಕು, ಕೈ ನೇರಗೆರೆಯಲ್ಲಿ ಹೋಗಿ ಬರಬೇಕು. ಮುದ್ದೆ ಕೊಳೆಯಾದಂತೆ ಮಡಿಸಿ ನಾದಿ ಹೊಸ ಮುಖ ತೆಗೆಯಬೇಕು. ಕೈಜಾರಿ ನೆಲಕ್ಕೆ ಬಿದ್ದರೆ ಎಷ್ಟೇ ಬೆಲೆ ತೆತ್ತಿದ್ದರೂ ಆ ಮುದ್ದೆಯನ್ನು ಎಸೆಯತಕ್ಕದ್ದು. ಅದಕ್ಕೆ ಅಂಟಿದ ಒಂದು ಮರಳಿನ ಕಣ ಇಡೀ ಬಾನೆಟ್ಟನ್ನು ಗೀರಬಲ್ಲದು. ತರಿ ಹೋದ ಮೇಲೆ ನುಣುಪಾದ ಪಾಲಿಷು, ಅದರ ಮೇಲೆ ವ್ಯಾಕ್ಸು. ಗಾಜಿನ ಮೇಲಿನ ಹನಿಗಳನ್ನು ಸೋಪಿನ ನೀರು ಹಾಕಿ ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಕೆರೆಯಬಹುದು. ಬಣ್ಣದ ಮೈಗೆ ಮಾತ್ರ ಬ್ಲೇಡು ತಾಗಿಸಬಾರದು. ಥಿನ್ನರ್, ಪೆಟ್ರೋಲ್ ಇವೆರಡನ್ನು ದೂರವಿಡುವುದೇ ಕ್ಷೇಮ. ಒಮ್ಮೆ ಗ್ಯಾರೇಜಿನಲ್ಲಿ ಮರುಬಣ್ಣ ಕಂಡ ಭಾಗವನ್ನು ಥಿನ್ನರ್ ಕರಗಿಸಿಬಿಡಬಹುದು, ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳನ್ನು ಕೆಡಿಸಬಹುದು.

ಉಸಿರಿನ ಲೆಕ್ಕ

ಇಷ್ಟಕ್ಕೆ ಚರಿತ್ರೆ ಮುಗಿದಿದ್ದರೆ ಲೇಖನವನ್ನೂ ಮುಗಿಸಬಹುದಿತ್ತು. ಆದರೆ ಹಾರುಬಣ್ಣ ಕಾರಿನ ಮೇಲೆ ಮಾತ್ರ ಬೀಳುವುದಿಲ್ಲ.

ಈಚೆಗೆ ನಾವಿರುವ ವಸತಿ ಸಮುಚ್ಚಯದಲ್ಲಿ ಹಬ್ಬಕ್ಕೆ ಮುಂಚೆ ಗೇಟುಗಳಿಗೂ ಮೇಲಿನ ನೀರಿನ ಕೊಳವೆಗಳಿಗೂ ಬೆಳ್ಳಿಬಣ್ಣ ಹೊಡೆಸಿದರು. ಗಾಳಿಯ ದಿನ, ಯಂತ್ರದ ಕೆಲಸ. ಸಂಜೆಯ ಹೊತ್ತಿಗೆ ಕೆಳಗಿನ ಕಾರುಗಳೆಲ್ಲ ಚುಕ್ಕಿಚುಕ್ಕಿ. ಗುತ್ತಿಗೆದಾರ ಕಳಿಸಿದ ಮನುಷ್ಯ ಥಿನ್ನರ್ ಬಟ್ಟೆ ಹಿಡಿದು ಬಂದು ನೆರೆಮನೆಯವರ ಹಳೆಯ ಕಾರಿನ ಬಾನೆಟ್ಟಿನ ಬಣ್ಣವನ್ನೇ ಎಬ್ಬಿಸಿದ. ರಾತ್ರಿ ತುರ್ತು ಸಭೆ ಸೇರಿತು. ಎರಡು ಗಂಟೆ ವಾದ ನಡೆಯಿತು: ಯಾರ ಕಾರಿಗೆ ಎಷ್ಟು, ಖರ್ಚು ಯಾರದು, ಗುತ್ತಿಗೆದಾರನ ಬಿಲ್ಲಿನಲ್ಲಿ ಎಷ್ಟು ಹಿಡಿಯಬೇಕು.

ಮರುದಿನ ಬೆಳಗ್ಗೆ ಯಂತ್ರ ಹಿಡಿದಿದ್ದ ಹುಡುಗ ಮೆಟ್ಟಿಲ ಬಳಿ ಕೆಮ್ಮುತ್ತಾ ಕೂತಿದ್ದ. ಮುಖಕ್ಕೆ ಒಂದು ಕರವಸ್ತ್ರ ಕಟ್ಟಿಕೊಂಡಿದ್ದ. ಹುಬ್ಬು, ರೆಪ್ಪೆಗಳು ಬೆಳ್ಳಿಯಾಗಿದ್ದವು. ಫೋನಿನಲ್ಲಿ ಅವನು ಆಡುತ್ತಿದ್ದ ಮಾತು ಕನ್ನಡವೆಂದು ತಿಳಿದು, "ಯಾವೂರಪ್ಪಾ?" ಎಂದೆವು.

"ವಿಜಾಪುರ ಕಡೆಯಾಂವ್ರೀ ಸರ, ಇಂಡಿ ತಾಲೂಕು."

"ಕೆಮ್ಮು ಜೋರಾಗಿದೆಯಲ್ಲ?"

"ಹಗಲಾ ಹೊಡದ್ರ ರಾತ್ರಿ ಉಗುಳಿದಾಗ ಬೆಳ್ಳಿಬಣ್ಣಾನ ಬರತೈತ್ರಿ. ಎರಡ ದಿನಾ ಕೆಲಸ ಇರಲಿಲ್ಲಂದ್ರ ತಾನ ಹೋಗತೈತ್ರಿ," ಎಂದು ನಕ್ಕ.

ಹಿಂದಿನ ರಾತ್ರಿಯ ಸಭೆಯಲ್ಲಿ ಹನ್ನೆರಡು ಕಾರುಗಳ ಮೈಮೇಲಿನ ಚುಕ್ಕಿಗಳನ್ನು ಎಣಿಸಿದ್ದರು. ಇವನ ಎದೆಯೊಳಗಿನ ಚುಕ್ಕಿಗಳ ಮಾತು ಯಾರಿಗೂ ಹೊಳೆದಿರಲಿಲ್ಲ. ಕಾರಿನ ಮೈಯಿಂದ ತೆಗೆಯಲು ಜಪಾನಿನವರು ಮುದ್ದೆ ಮಾಡಿದ್ದಾರೆ. ಶ್ವಾಸಕೋಶಕ್ಕೆ ಹಾಕಿ ಒರಸುವ ಮುದ್ದೆಯನ್ನು ಯಾರೂ ಮಾಡಿಲ್ಲ.

ಇದು ಭಾವುಕತೆಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1989ರಲ್ಲಿಯೇ ಬಣ್ಣಗಾರರ ವೃತ್ತಿಯಲ್ಲಿ ಒದಗುವ ಸಂಪರ್ಕವನ್ನು ಕ್ಯಾನ್ಸರ್ ತರುವಂಥವುಗಳ ಮೊದಲ ಗುಂಪಿಗೆ ಸೇರಿಸಿತು. ಎರಡು ಡಬ್ಬಿಯ ಪಾಲಿಯುರಿಥೇನ್ ಬಣ್ಣದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ಕುಲದ ರಾಸಾಯನಿಕಗಳಿರುತ್ತವೆ. 1984ರಲ್ಲಿ ಭೋಪಾಲಿನಲ್ಲಿ ಸೋರಿದ ಅನಿಲವೂ ಇದೇ ಕುಲದ್ದು. ಬಣ್ಣದಲ್ಲಿರುವುದು ಆ ಅನಿಲವಲ್ಲ, ಅದರಷ್ಟು ಸುಲಭವಾಗಿ ಆವಿಯಾಗುವಂಥದೂ ಅಲ್ಲ. ಆದರೆ ಗನ್ನಿನಿಂದ ಮಂಜಾಗಿ ಚಿಮ್ಮಿದಾಗ ಉಸಿರಿನೊಳಗೆ ಹೋಗಿ ಉಬ್ಬಸ ತರಬಲ್ಲದು. ಒಮ್ಮೆ ದೇಹಕ್ಕೆ ಅದು ಒಗ್ಗದೆ ಹೋಯಿತೆಂದರೆ ಆಮೇಲೆ ಅತ್ಯಲ್ಪ ಪ್ರಮಾಣಕ್ಕೂ ಉಸಿರು ಕಟ್ಟುತ್ತದೆ. ಆತ ಕಸುಬನ್ನೇ ಬಿಡಬೇಕಾಗುತ್ತದೆ. ಕರವಸ್ತ್ರವಾಗಲಿ ಬಟ್ಟೆಯ ಮುಖವಾಡವಾಗಲಿ ಇದನ್ನು ತಡೆಯುವುದಿಲ್ಲ. ಇಂಥ ಬಣ್ಣಕ್ಕೆ ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡವನ್ನೇ ಹೇಳಿದ್ದಾರೆ. ಹಳೆಯ ಹಳದಿ ಬಣ್ಣ, ಬಿಳಿ ಬಣ್ಣಗಳಲ್ಲಿ ಸೀಸವೂ ಇರುತ್ತಿತ್ತು. ಮನೆಗೆ ಬಳಸುವ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ 10 ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ 2016ರ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರಿನಿಂದ ಜಾರಿಗೆ ಬಂತು.

ಹಾರುಬಣ್ಣವನ್ನು ಹುಟ್ಟುವಲ್ಲಿಯೇ ಕಡಿಮೆ ಮಾಡುವ ವಿದ್ಯೆ ಇಲ್ಲದಿಲ್ಲ. 1940ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ರಾನ್ಸ್‌ಬರ್ಗ್ ಬಣ್ಣದ ಹನಿಗಳಿಗೆ ವಿದ್ಯುದಂಶ ಕೊಟ್ಟು, ಅವು ತಾವಾಗಿ ಲೋಹದ ಕಡೆಗೆ ಸೆಳೆದುಕೊಳ್ಳುವಂತೆ ಮಾಡಿದರು. ದೊಡ್ಡ ಕಾರ್ಖಾನೆಗಳಲ್ಲಿ ಇಂದು ಈ ಪದ್ಧತಿ ಬಳಕೆಯಲ್ಲಿದೆ. 1980ರ ದಶಕದ ಕೊನೆಯಲ್ಲಿ, ಹೊಗೆಮಂಜಿನಿಂದ ಕಂಗೆಟ್ಟ ಲಾಸ್ ಏಂಜಲೀಸ್ ಪ್ರದೇಶದ ವಾಯು ಮಂಡಳಿಯು ಬಣ್ಣದ ಶೇಕಡಾ 65 ಭಾಗವಾದರೂ ವಸ್ತುವಿನ ಮೇಲೆ ನಿಲ್ಲಬೇಕೆಂದು ಗ್ಯಾರೇಜುಗಳನ್ನು ಒತ್ತಾಯಿಸಿತು. ಅದರಿಂದ ಹೆಚ್ಚು ಗಾಳಿ, ಕಡಿಮೆ ಒತ್ತಡದ ಎಚ್.ವಿ.ಎಲ್.ಪಿ. ಗನ್ನುಗಳು ಬಳಕೆಗೆ ಬಂದವು. ಅವುಗಳ ಮೂತಿಯಲ್ಲಿ ಗಾಳಿಯ ಒತ್ತಡ 10 ಪಿ.ಎಸ್.ಐ. ಮೀರುವುದಿಲ್ಲ. ನಮ್ಮ ನಗರಗಳ ಅಂಗಡಿಗಳಲ್ಲಿಯೂ ಅವು ದೊರೆಯುತ್ತವೆ.

ಇವೆಲ್ಲಕ್ಕಿಂತ ಹಳೆಯ ಉಪಾಯವೂ ಒಂದಿದೆ. ಕಾರಿನ ಬಾಗಿಲು ಕನ್ನಡಿಯಂತೆ ಹೊಳೆಯಬೇಕು, ಅದಕ್ಕೆ ಗನ್ನೇ ಬೇಕು. ಕಂಪೌಂಡಿನ ಗೇಟಿಗೂ ನೀರಿನ ಕೊಳವೆಗೂ ಕನ್ನಡಿಯ ಹೊಳಪು ಯಾರಿಗೆ ಬೇಕು? ಕುಂಚ ಅಥವಾ ರೋಲರು ಸಾಕು. ಎರಡು ದಿನ ಹೆಚ್ಚು ಹಿಡಿಯುತ್ತದೆ, ಕೂಲಿ ತುಸು ಹೆಚ್ಚಾಗುತ್ತದೆ, ಬಣ್ಣ ಮಾತ್ರ ಉಳಿಯುತ್ತದೆ.

ಸೊಸೈಟಿಗಳಲ್ಲಿ, ಸಂಘಗಳಲ್ಲಿ ಸಮಿತಿಯ ಜವಾಬ್ದಾರಿ ಹೊತ್ತ ಕನ್ನಡಿಗರು ಬಹಳ ಮಂದಿ ಇದ್ದಾರೆ. ಬಣ್ಣದ ಕೆಲಸ ಗುತ್ತಿಗೆ ಕೊಡುವಾಗ ಒಪ್ಪಂದದಲ್ಲಿ ನಾಲ್ಕು ಸಾಲು ಸೇರಿಸಬೇಕೆಂದು ಅವರಲ್ಲಿ ನಮ್ಮ ಕೋರಿಕೆ. ಕಬ್ಬಿಣದ ಗೇಟು, ಸರಳು, ಕೊಳವೆಗಳಿಗೆ ಕುಂಚವೇ ಆಗಬೇಕು. ಯಂತ್ರ ಅನಿವಾರ್ಯವಾದರೆ ಒಂದು ದಿನ ಮೊದಲು ತಿಳಿಸಿ ಕಾರು, ಸ್ಕೂಟರುಗಳನ್ನು ತೆಗೆಸಬೇಕು. ಸುತ್ತಲೂ ತಾಡಪಾಲು ಕಟ್ಟಿ, ಗಾಳಿಯಿಲ್ಲದ ಹೊತ್ತು ನೋಡಿ ಹೊಡೆಸಬೇಕು. ಹೊಡೆಯುವವನ ಮುಖಕ್ಕೆ ಆ ಬಣ್ಣಕ್ಕೆ ತಕ್ಕ ಮುಖವಾಡ ಇದೆಯೇ ಎಂದು ಕೆಲಸ ಶುರುವಾಗುವ ಮೊದಲು ಸಮಿತಿಯವರೊಬ್ಬರು ಕೆಳಗಿಳಿದು ಬಂದು ನೋಡಬೇಕು. ಅದರ ಬೆಲೆ ಗುತ್ತಿಗೆದಾರ ಕೊಡದಿದ್ದರೆ ಸೊಸೈಟಿಯೇ ಕೊಡಲಿ. ಒಂದು ಕಾರಿಗೆ ಪಾಲಿಷು ಮಾಡಿಸುವ ಖರ್ಚಿನಲ್ಲಿ ಅದು ಬಂದುಬಿಡುತ್ತದೆ.

ನಮ್ಮ ಸೊಸೈಟಿಯ ಮುಂದಿನ ಸಭೆಯಲ್ಲಿ ಈ ನಾಲ್ಕು ಸಾಲುಗಳನ್ನು ಬರೆದು ಇಟ್ಟೆವು. ಮೊದಲ ಮೂರಕ್ಕೆ ಎಲ್ಲರೂ ಕೂಡಲೇ ಕೈಯೆತ್ತಿದರು. ನಾಲ್ಕನೆಯದಕ್ಕೆ ಸ್ವಲ್ಪ ಚರ್ಚೆಯಾಯಿತು. ಕೊನೆಗೆ ಅದೂ ಅಂಗೀಕಾರವಾಯಿತು.